ಭಾವನ ದೋಣಿಗೆ ತುಕ್ಕು ಬರಲಿಲ್ಲ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ಮಹಾಪೆಯ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವವನು. ಹೇಳಬೇಕಾದ ಮಾತು ಬಿಟ್ಟು ನಟ್ಟು ಬೋಲ್ಟು ವಿವರಿಸುತ್ತ ಕೂರುತ್ತೇನೆ. ಆದರೆ ಭಾವ ಒಂದೇ ಬಿಲ್ಡಿಂಗಿನಲ್ಲಿದ್ದು, ಆ ಭಾವನ ಹತ್ತಿರ ದೋಣಿಯೂ ಇದ್ದರೆ, ಇಂಥವು ನಡೆಯುತ್ತಲೇ ಇರುತ್ತವೆ.

ಭಾವ ಎಂದರೆ ಅಕ್ಕನ ಗಂಡ. (ಎಲ್ಲರಿಗೂ ಗೊತ್ತು, ಆದರೂ ಹೇಳಿದೆ.) ಠಾಣೆ ನಗರದ ಘೋಡಬಂದರ್ ರಸ್ತೆಯಲ್ಲಿ ಅವರ ಹೋಟೆಲು. ಕುಂದಾಪುರದ ಹೊಳೆಯಲ್ಲಿ ಈಜಿ ಬೆಳೆದವರು, ಈಗ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡರು. ಜೊತೆಗೆ, ಅದನ್ನು ಕಾರಿನ ಹಿಂದೆ ಎಳೆದೊಯ್ಯುವ ಕಬ್ಬಿಣದ ಟ್ರೇಲರ್. ಭಾನುವಾರ ದೋಣಿ ಸಮುದ್ರ ಒಳನುಗ್ಗಿದ ಖಾಡಿಯ ಉಪ್ಪುನೀರಿನಲ್ಲಿ, ಉಳಿದ ದಿನ ನಮ್ಮ ಬಿಲ್ಡಿಂಗಿನ ಸೊಸೈಟಿಯ ಪಾರ್ಕಿಂಗಿನಲ್ಲಿ.

ತಿಂಗಳಾಗುವಷ್ಟರಲ್ಲಿ ವಿಜಯಪುರ ಕಡೆಯ ನಮ್ಮ ಸೊಸೈಟಿ ಸೆಕ್ರೆಟರಿ ಬಂದರು. “ಹೊಸಾ ಟೈಲ್ಸ್ ಮ್ಯಾಲೆ ತುಕ್ಕಿನ ಕಲೆ ಬಿದ್ದಾವ್ರೀ. ಎರಡ್ ತಿಂಗಳ ಬಿಟ್ಟು ಕಮಿಟಿ ಬಂದು ನೋಡ್ತದ. ತುಕ್ಕು ಕಂಡ್ರ ದೋಣಿ ಹೊರಗ!”

ಠಾಣೆಯಲ್ಲಿ ಬೈಕಿಗೇ ಜಾಗವಿಲ್ಲ. ಹೊರಗೆ ಎಂದರೆ ಗುಜರಿಗೆ. ಭಾವನ ಮುಖ ನೋಡಲಾಗದೆ, “ಜವಾಬ್ದಾರಿ ನನ್ನದು” ಎಂದುಬಿಟ್ಟೆ. ಟೈಲ್ಸ್ ಉಜ್ಜಿ, ಟ್ರೇಲರಿನ ಹಳೆಯ ತುಕ್ಕು ಕೆರೆದು, ಬಣ್ಣ ಹಚ್ಚಿದೆ.

ಬಿಸಿ ಚಕ್ರ

ಓಡಿಬಂದ ಚಕ್ರದ ಬೇರಿಂಗ್ ಬಿಸಿಯಾಗಿರುತ್ತದೆ. ಹಾಗೆಯೇ ನೀರಿಗಿಳಿಸಿದರೆ ಒಳಗಿನ ಗಾಳಿ ತಣಿದು ಕುಗ್ಗಿ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ. ಗ್ರೀಸ್ ಕೆಟ್ಟು ತುಕ್ಕು ಒಳಗಿನಿಂದಲೇ ಶುರು. ಅದಕ್ಕೇ ಖಾಡಿಯ ದಡದಲ್ಲಿ ಅರ್ಧ ಗಂಟೆ ಕಾಯಬೇಕೆಂದೆ.

“ಅಷ್ಟು ಹೊತ್ತು ಎಂತ ಮಾಡುವುದು ಮಾರಾಯ?” ಎಂದು ಭಾವ ದೋಣಿಗೊರಗಿ ನಿಂತರು.

ದೋಣಿ ಕಂಡದ್ದೇ ತಡ, ಚೀಲ ಹಿಡಿದ ಹೆಂಗಸೊಬ್ಬರು ಬಂದು, “ಪಾಪ್ಲೆಟ್ ಕೈಸಾ ದಿಯಾ?” ಎಂದು ಮೀನಿನ ರೇಟು ಕೇಳಿದರು. ಅವರನ್ನು ನೋಡಿ ಮತ್ತೊಬ್ಬರು. ಆಮೇಲೆ ಸಾಲೇ ಆಯಿತು. ಬಂದ ಗಿರಾಕಿಯನ್ನು ಇಲ್ಲವೆಂದು ಕಳಿಸಿ ಭಾವನಿಗೆ ಗೊತ್ತಿಲ್ಲ. ಚಕ್ರ ತಣಿಯುವಷ್ಟರಲ್ಲಿ ಮುಂದಿನ ಭಾನುವಾರಕ್ಕೆ ಏಳು ಆರ್ಡರ್ ಬರೆದುಕೊಂಡಿದ್ದರು.

ಅವರದು ಶುದ್ಧ ಸಸ್ಯಾಹಾರಿ ಹೋಟೆಲು.

ಸವೆಯುವ ತುಂಡು

ದೋಣಿಯ ಎಂಜಿನ್ನಿನ ತುದಿಗೆ ಸತುವಿನ ತುಂಡೊಂದನ್ನು ಬಿಗಿದಿರುತ್ತಾರೆ. ಉಪ್ಪುನೀರು ಎಂಜಿನ್ನಿನ ಲೋಹವನ್ನು ಬಿಟ್ಟು ಮೊದಲು ಅದನ್ನು ತಿನ್ನುತ್ತದೆ. ನಾನು ಹಾಕಿದ ಹೊಸ ತುಂಡು ಆರೇ ವಾರದಲ್ಲಿ ಸವೆದದ್ದು ಕಂಡು ಭಾವ, “ನಿನಗೆ ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾರೆ!” ಎಂದು ಕೂಗಾಡಿದರು.

“ಸವೆಯುವುದೇ ಅದರ ಕೆಲಸ ಭಾವ. ಅದು ಸವೆದರೆ ಉಳಿದದ್ದೆಲ್ಲ ಗಟ್ಟಿ.”

ಕೇಳುತ್ತ ನಿಂತಿದ್ದ ಅಕ್ಕ ಹೇಳಿದಳು: “ಅದನ್ನಾದರೂ ಬದಲಾಯಿಸ್ತಾರೆ. ಇಪ್ಪತ್ತೆಂಟು ವರ್ಷದಿಂದ ಈ ಮನೆಯಲ್ಲಿ ಒಂದೇ ತುಂಡು.”

ದೃಷ್ಟಿ

ಕಮಿಟಿ ಬರುವ ಹಿಂದಿನ ದಿನ. ದೋಣಿ, ಟ್ರೇಲರ್, ಸ್ಪ್ರಿಂಗಿನ ಸಂದು ಎಲ್ಲವನ್ನೂ ಎರಡು ಗಂಟೆ ನಲ್ಲಿನೀರಿನಲ್ಲಿ ತೊಳೆದೆ, ಒಂದು ಕಣ ಉಪ್ಪೂ ಉಳಿಯಬಾರದೆಂದು. ಕೊನೆಯ ಸುತ್ತಿಗೆ ಒಂದು ಬಕೆಟ್ ನೀರು ತುಂಬಿಟ್ಟು ಚಹಾ ಕುಡಿಯಲು ಹೋದೆ. ಬಂದು ಆ ನೀರನ್ನೂ ಹೊಯ್ದೆ. ನೋಡಿದರೆ ಟ್ರೇಲರ್ ಮೇಲೆ ಒಣಮೆಣಸಿನಕಾಯಿ ಕೂತಿದೆ!

“ಅಕ್ಕಾ, ಈ ಬಕೆಟ್‌ಗೆ ಎಂತ ಹಾಕಿದ್ದು?”

“ದೋಣಿಗೆ ಎಲ್ಲರ ಕಣ್ಣು ಬಿದ್ದಿದೆಯಲ್ಲ, ದೃಷ್ಟಿ ತೆಗೆದೆ. ಮೂರು ಮುಷ್ಟಿ ಉಪ್ಪು ನಿವಾಳಿಸಿ ನೀರಲ್ಲಿ ಕರಗಿಸಿದೆ. ಯಾಕೆ?”

ಹೇಳಿದೆ. ಅವಳು ತಲೆಯ ಮೇಲೆ ಕೈ ಹೊತ್ತಳು. “ಅಯ್ಯೋ ಪೆದ್ದ! ಅಷ್ಟು ಕಷ್ಟಪಟ್ಟು ತೆಗೆದ ದೃಷ್ಟಿಯನ್ನೆಲ್ಲ ಮತ್ತೆ ದೋಣಿಗೇ ಹೊಯ್ದೆಯಾ?”

ನಾನು ಮತ್ತೆ ಎರಡು ಗಂಟೆ ತೊಳೆದೆ. ಅವಳು ಮತ್ತೆ ದೃಷ್ಟಿ ತೆಗೆದಳು. ಈ ಸಲ ಬಕೆಟನ್ನು ನಾನು ತಬ್ಬಿಕೊಂಡೇ ಕೂತಿದ್ದೆ.

ಕಮಿಟಿ

ಭಾನುವಾರ ಸೆಕ್ರೆಟರಿ ಬಿಳಿ ಕರವಸ್ತ್ರದೊಂದಿಗೆ ಬಂದರು, ಹಿಂದೆ ಇಬ್ಬರು ಮೆಂಬರು. ಬಗ್ಗಿ ಟ್ರೇಲರಿನ ಅಡಿಯೆಲ್ಲ ಒರೆಸಿದರು. ಕರವಸ್ತ್ರ ಬೆಳ್ಳಗೇ ಇತ್ತು. ಭಾವ ಮೀಸೆಯ ಮೇಲೆ ಕೈ ಇಡುವಷ್ಟರಲ್ಲಿ ಸೆಕ್ರೆಟರಿ ಕೂಗಿದರು: “ಇದೇನ್ರೀ ಮತ್ತ?”

ಚಕ್ರದ ಪಕ್ಕದ ಟೈಲ್ಸ್ ಮೇಲೆ ಕೆಂಪು ಗೆರೆ. ಭಾವ ನನ್ನನ್ನು ನೋಡಿದರು.

ಏನೂ ತೋಚದೆ ಟ್ರೇಲರನ್ನು ತಳ್ಳಿದೆ. ಒಂದೇ ಕೈಯಲ್ಲಿ, ಸದ್ದಿಲ್ಲದೆ, ಬೆಣ್ಣೆಯ ಹಾಗೆ ಜಾರಿತು. ಅದು ನಿಂತಿದ್ದ ಜಾಗ ಕನ್ನಡಿಯಂತಿತ್ತು. ಕೆಂಪು ಗೆರೆ ಮಾತ್ರ ಹಿಂದಿನ ಗೋಡೆ ಹತ್ತಿ ಮೇಲಕ್ಕೆ ಹೋಗಿತ್ತು. ಎಲ್ಲರೂ ಕತ್ತೆತ್ತಿದೆವು. ಗೋಡೆಯಲ್ಲಿ ಸೊಸೈಟಿಯ ಕಬ್ಬಿಣದ ಬೋರ್ಡು, ಪೂರ್ತಿ ತುಕ್ಕು ಹಿಡಿದದ್ದು. ‘ಪರಿಸರ ಸ್ವಚ್ಛವಾಗಿಡಿ’ ಎಂದು ಮರಾಠಿಯಲ್ಲಿ ಬರೆದು ಕೆಳಗೆ ಸೆಕ್ರೆಟರಿಯ ಹೆಸರು. ಅದರ ಮೇಲೆ ಎ.ಸಿ.ಯ ನೀರು ತೊಟ್ಟಿಕ್ಕುತ್ತಿತ್ತು. ಎರಡನೇ ಮಹಡಿಯ ಆ ಎ.ಸಿ. ಸೆಕ್ರೆಟರಿಯದೇ.

ಮೆಂಬರೊಬ್ಬರು ಕೇಳಿದರು: “ಸಾಹೇಬ, ಆತಾ ಬಾಹೇರ್ ಕೋಣ್? ಈಗ ಹೊರಗೆ ಯಾರು?”

ಭಾವ ಎಲ್ಲರಿಗೂ ಮಸಾಲೆದೋಸೆ ಸಾರಿದರು. ಸೆಕ್ರೆಟರಿ ಭಾವನಿಂದ ಸತುವಿನ ಕಥೆ ಕೇಳುತ್ತ ಮೂರು ದೋಸೆ ತಿಂದು, ಕೈ ಒರೆಸಿ ನನ್ನ ಹತ್ತಿರ ಬಂದರು. “ಈ ಬೋರ್ಡಿಗೂ ಆ ಸತುವಿನ ತುಂಡು ಹಚ್ಚಿಕೊಡ್ರೆಲಾ.”

ಅದು ಸರಿಹೋಗುವುದಿಲ್ಲ. ಯಾಕೆಂದರೆ, ಸತುವಿನ ತುಂಡು ಎಂಜಿನ್ನಿನ ಜೊತೆ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಬೋರ್ಡಿಗೆ ಮೊದಲು ತಂತಿಬ್ರಷ್ ಹಾಕಿ ಉಜ್ಜಬೇಕು, ಆಮೇಲೆ ಪ್ರೈಮರ್, ಅದು ಒಣಗಿದ ಮೇಲೆ, ಒಣಗಿದೆಯೋ ಇಲ್ಲವೋ ನೋಡುವುದು ಹೇಗೆಂದರೆ, ಬೆರಳಿನ ಹಿಂಭಾಗದಿಂದ ಮೆಲ್ಲಗೆ... ತಡೆಯಿರಿ, ಕೆಳಗಿನಿಂದ ಸೆಕ್ರೆಟರಿ ಕೂಗುತ್ತಿದ್ದಾರೆ, “ಬರ್‍ರೀ ಲಗೂನ, ಏಣಿ ಹಿಡಕೊಂಡು ನಾನೇ ನಿಂತೀನಿ!”