ಟವೆಲ್ಲಿನ ಚುಂಗಿಗೆ ಬಿದ್ದ ಭಕ್ಷೀಸು

ಕೆಲವರ ಕೈ ಮನೆಯೊಳಗೆ ಉದಾರ, ಕೆಲವರದು ಮನೆಯ ಹೊರಗೆ. ನನ್ನದು ಎರಡನೆಯ ನಮೂನೆ, ಅದರಲ್ಲೂ ಊರು ದಾಟಿದ ಮೇಲೆ. ರಾಯಚೂರಿನ ನಮ್ಮ ಓಣಿಯಲ್ಲಿ ಕೊತ್ತಂಬರಿ ಮಾರುವಾಕೆ ನನ್ನನ್ನು ಕಟ್ಟೆಯ ಮೇಲೆ ಕಂಡರೆ ಬುಟ್ಟಿ ಇಳಿಸದೆ ಹಾಗೇ ಮುಂದಿನ ಓಣಿಗೆ ನಡೆಯುತ್ತಾಳೆ. ಅದೇ ನಾನು ಬಸ್ಸು ಹತ್ತಿ ಸಿಂಧನೂರಿನಲ್ಲಿ ಇಳಿದೆನೆಂದರೆ, ಲಾಡ್ಜಿನಿಂದ ಹಿಡಿದು ಚಹಾದಂಗಡಿಯವರೆಗೆ ನಾಲ್ಕಾರು ಮುಖಗಳು ಅರಳುತ್ತವೆ. ಹೆಂಡತಿ ಇದನ್ನು ಬಹಳ ದಿನದಿಂದ ಗಮನಿಸಿದ್ದಾಳೆ. "ನಿಮ್ಮ ಕಿಸೆದ ಬಾಯಿ ಬಸ್‌ಸ್ಟ್ಯಾಂಡ್ ದಾಟಿದ ಮ್ಯಾಲನ ತೆಗಿತೈತಿ" ಎಂದು ಒಮ್ಮೆ ಅಂದಳು. ಕೊತ್ತಂಬರಿ ಬೇರೆ, ಭಕ್ಷೀಸು ಬೇರೆ ಎಂದು ನಾನು ವಿವರಿಸಲು ಹೋದೆ. ಅವಳು ವಿವರಣೆ ಮುಗಿಯುವ ಮೊದಲೇ ಕುಕ್ಕರಿನ ಸೀಟಿ ಕೇಳಿಸಿತೆಂದು ಒಳಗೆ ಹೋದಳು. ಅಂದು ಕುಕ್ಕರ್ ಇಟ್ಟಿರಲಿಲ್ಲ.

ಬೆಳೆಗೆ ಔಷಧ ಹೊಡೆಯುವ ಪಂಪು ಮಾರುವ ಕಂಪನಿಯೊಂದರಲ್ಲಿ ನನ್ನ ನೌಕರಿ. ವಾರದ ಅರ್ಧ ಭಾಗ ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ಅಂಗಡಿ ಅಂಗಡಿ ತಿರುಗುತ್ತೇನೆ. ಹೀಗೆ ತಿರುಗುವವನಿಗೆ ಪರವೂರಿನಲ್ಲಿ ಹೆಸರಿಲ್ಲ, ಮುಖವಿಲ್ಲ; ಹೆಚ್ಚೆಂದರೆ 'ಪಂಪಿನವರು'. ಆದ್ದರಿಂದ ಊಟವಾದ ಮೇಲೆ, ಕೋಣೆ ಬಿಡುವಾಗ, ಕೊಡುವುದನ್ನು ಧಾರಾಳವಾಗಿ ಕೊಡಬೇಕೆಂಬುದು ನನ್ನ ಸಿದ್ಧಾಂತ. ಕೊಟ್ಟವನ ನೆನಪು ಉಳಿಯುತ್ತದೆ. ಮುಂದಿನ ಸಲ ಬಂದಾಗ ಯಾರಾದರೊಬ್ಬರು "ಬಂದೀರಿ?" ಎನ್ನುತ್ತಾರೆ. ಆ ಒಂದು ಮಾತಿಗಾಗಿ ನಾನು ಎಷ್ಟು ಹಾತೊರೆಯುತ್ತೇನೆಂದು ಹೇಳಿದರೆ ನೀವು ನಗುತ್ತೀರಿ, ಹೇಳುವುದಿಲ್ಲ.

ಸಿಂಧನೂರಿನ ಲಾಡ್ಜನ್ನೇ ನೋಡಿ. ಅಲ್ಲಿ ಕೋಣೆ ನೋಡಿಕೊಳ್ಳುವ ಹುಸೇನಸಾಬರು ನನ್ನನ್ನು ಕಂಡ ಕೂಡಲೇ "ನಿಮ್ಮ ರೂಮ್ ಖಾಲಿ ಇಟ್ಟೀನ್ರಿ ಸಾಹೇಬ್ರ" ಎನ್ನುತ್ತಾರೆ. 'ನನ್ನ ರೂಮಿ'ನ ಕಿಟಕಿ ಅಕ್ಕಿ ಗಿರಣಿಯ ಗೋಡೆಗೆ ತೆರೆದುಕೊಳ್ಳುತ್ತದೆ. ತೆರೆದರೆ ಹೊಟ್ಟಿನ ಧೂಳು, ಮುಚ್ಚಿದರೆ ಸೆಕೆ. ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದರೆ ಗಾಳಿ ಬದಲಾಗುವುದಿಲ್ಲ, ಸಪ್ಪಳ ಮಾತ್ರ ಬದಲಾಗುತ್ತದೆ. ಪಕ್ಕದ ಕೋಣೆ ಇದಕ್ಕಿಂತ ಚೆನ್ನಾಗಿದೆ ಎಂಬುದು ನನಗೂ ಗೊತ್ತು, ಆದರೆ ಅದು ನನ್ನದಲ್ಲ. ಒಮ್ಮೆ ಹಂಗಾಮಿನಲ್ಲಿ ಲಾಡ್ಜು ತುಂಬುತ್ತ ಬಂದಿದ್ದಾಗ ಹುಸೇನಸಾಬರು ನನಗಾಗಿ, ನನ್ನ ರೂಮಿನಲ್ಲಿದ್ದ ಬೀಜದ ಕಂಪನಿಯವನನ್ನು ಮಳೆಗೆ ಸೋರುತ್ತದೆಂದು ಹೇಳಿ ಪಕ್ಕದ ಕೋಣೆಗೆ ಸಾಗಿಸಿದರು. ಹೊರಗೆ ಸುಡುವ ಬಿಸಿಲು, ಆಕಾಶದಲ್ಲಿ ಮೋಡದ ಸುಳಿವಿಲ್ಲ. ಆತ ನಂಬಿ ಹೋದ, ಹೋಗಿ ಸುಖವಾಗಿ ಮಲಗಿದ.

ಲಿಂಗಸುಗೂರಿನಲ್ಲಿ ನನಗೆ ವಗ್ಗರಣಿ ಮಿರ್ಚಿಯ ಒಂದು ಅಂಗಡಿಯಿದೆ. ಅಲ್ಲಿ ಭಕ್ಷೀಸಿನ ಫಲ ನೇರವಾಗಿ ತಟ್ಟೆಗೆ ಬರುತ್ತದೆ. ಒಗ್ಗರಣೆ ಹಾಕಿದ ಮಂಡಕ್ಕಿಯ ಗುಡ್ಡೆ ಎಷ್ಟು ಎತ್ತರವಾಯಿತೆಂದರೆ, ಮಿಕ್ಕಿದ್ದನ್ನು ಪೊಟ್ಟಣ ಕಟ್ಟಿಸಿಕೊಂಡು ಮುದಗಲ್ ಬಸ್ಸಿನಲ್ಲಿ ತಿನ್ನುತ್ತಾ ಹೋಗುವುದು ರೂಢಿಯಾಯಿತು. ಇನ್ನು ಸಿಂಧನೂರಿನ ಹತ್ತಿರ ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ ಮಿಠಾಯಿ ಮಾಡುವ ಅಕ್ಕನೊಬ್ಬಳಿದ್ದಾಳೆ. ಆಕೆ ಭಕ್ಷೀಸನ್ನು ಒಪ್ಪುವುದೇ ಇಲ್ಲ. ಎಷ್ಟು ಹೆಚ್ಚಿಗೆ ಕೊಟ್ಟರೆ ಅಷ್ಟಕ್ಕೆ ಸರಿಯಾಗಿ ರಸಗುಲ್ಲ ಹಾಕಿ ಮುಂದಿಡುತ್ತಾಳೆ. ಅಲ್ಲಿ ನನ್ನ ಔದಾರ್ಯದ ಪರಿಣಾಮವನ್ನು ಡಾಕ್ಟರು ರಕ್ತಪರೀಕ್ಷೆಯಲ್ಲಿ ಕಂಡರು.

ಆದರೆ ನನ್ನ ಮನಸ್ಸು ನಿಜವಾಗಿ ನಿಂತದ್ದು ಮಸ್ಕಿಯ ಖಾನಾವಳಿಯಲ್ಲಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾಚಟ್ನಿ, ಮೇಲೆ ಗಟ್ಟಿ ಮೊಸರು. ಬಡಿಸುವವರು ಶರಣಪ್ಪ: ಹಣೆತುಂಬ ವಿಭೂತಿ, ಬಿಳಿ ಧೋತರ, ತೋಳಿನ ಬನಿಯನ್ನು, ಹೆಗಲ ಮೇಲೆ ಟವೆಲ್ಲು. ಗಲ್ಲಾದ ಹಿಂದೆ ಇಸ್ತ್ರಿ ಅಂಗಿ ತೊಟ್ಟು ಮೌನೇಶ ಎಂಬವನು ಕೂತಿರುತ್ತಾನೆ. ರೊಟ್ಟಿ ಒಂದು ಮುಗಿಯುವಷ್ಟರಲ್ಲಿ ಶರಣಪ್ಪ ಇನ್ನೊಂದನ್ನು ಹಿಡಿದು ನಿಂತಿರುತ್ತಿದ್ದರು. "ಇದೊಂದು ಮೆತ್ತಗ ಐತ್ರಿ, ತಗೋರಿ" ಎನ್ನುವಾಗ ಆ ದನಿಯಲ್ಲಿ ನಮ್ಮ ಅವ್ವನ ಒತ್ತಾಯವಿರುತ್ತಿತ್ತು. ಬೇಡ ಅನ್ನುವ ಶಕ್ತಿ ನನಗೆ ಇರಲಿಲ್ಲ, ಇದ್ದರೂ ಬಳಸುತ್ತಿರಲಿಲ್ಲ.

ಕೈತೊಳೆದು ಬಂದು ನಾನು ನೋಟು ಚಾಚಿದರೆ ಶರಣಪ್ಪ ಅದನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಹೆಗಲಿನ ಟವೆಲ್ಲಿನ ಚುಂಗು ಹಿಡಿದು ಮುಂದೆ ಒಡ್ಡುತ್ತಿದ್ದರು. ನಾನು ಅದರೊಳಗೆ ನೋಟು ಹಾಕುತ್ತಿದ್ದೆ. ಅವರು ಚುಂಗನ್ನು ಕಣ್ಣಿಗೊತ್ತಿಕೊಂಡು ಗಂಟು ಹಾಕುತ್ತಿದ್ದರು. ನನ್ನಂಥ ದೊಡ್ಡ ಮನುಷ್ಯನ ಕೈಯಿಂದ ನೇರವಾಗಿ ಇಸಿದುಕೊಳ್ಳಲು ಪಾಪ ಸಂಕೋಚ ಎಂದು ನಾನು ತಿಳಿದೆ. ಇಂಥ ವಿನಯ ಈ ಕಾಲದಲ್ಲಿ ಎಲ್ಲಿದೆ ಎಂದು ಬಸ್ಸಿನಲ್ಲಿ ಪಕ್ಕದವರಿಗೂ ಹೇಳಿದ್ದುಂಟು. ಒಂದು ದಿನ ಮರುಕ ಹೆಚ್ಚಾಗಿ, ಗಲ್ಲಾದತ್ತ ಕಣ್ಣು ತೋರಿಸಿ, "ಆತ ನಿಮಗ ಪಗಾರ ಸರಿಯಾಗಿ ಕೊಡ್ತಾನೋ ಇಲ್ಲೋ?" ಎಂದು ಮೆಲ್ಲಗೆ ಕೇಳಿದೆ.

ಶರಣಪ್ಪ ಮೌನೇಶನತ್ತ ನೋಡಿ, "ನಡದೈತ್ರಿ ಹೆಂಗೋ" ಎಂದರು.

"ಎಷ್ಟು ದಿನ ಇನ್ನೊಬ್ಬರ ಕೈಯಾಗ ದುಡಿತೀರಿ? ನೀವಾ ಒಂದು ಸಣ್ಣ ಖಾನಾವಳಿ ಹಾಕ್ರಿ. ಬ್ಯಾಂಕಿನಾಗ ನಮ್ಮ ಗೆಳೆಯಾ ಅದಾನ, ಸಾಲಕ್ಕ ಮಾತಾಡ್ತೀನಿ."

"ನೋಡೂಣ್ರಿ ಸರ, ಆತನ ಇಚ್ಛೆ ಹೆಂಗೈತೋ" ಎಂದು ಶರಣಪ್ಪ ಮೇಲೆ ನೋಡಿ ಕೈಮುಗಿದರು. ನಾನೂ ಮೇಲೆ ನೋಡಿದೆ. ಅಂದು ಎಂದಿಗಿಂತ ಹೆಚ್ಚು ಕೊಟ್ಟು ಬಂದೆ.

ಸತ್ಯ ತಿಳಿದದ್ದು ಸುಗ್ಗಿಯಲ್ಲಿ. ನಾನು ಎರಡನೇ ರೊಟ್ಟಿಯಲ್ಲಿದ್ದಾಗ ಖಾನಾವಳಿಯ ಮುಂದೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದು ಬಂದು ನಿಂತಿತು. ಡ್ರೈವರ್ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಗಲ್ಲಾ ದಾಟಿ, ನನ್ನ ಮುಂದೆ ಪಲ್ಯದ ಬೋಗುಣಿ ಹಿಡಿದು ನಿಂತಿದ್ದ ಶರಣಪ್ಪನವರಿಗೆ ನಮಸ್ಕಾರ ಮಾಡಿದ. "ಸಾವ್ಕಾರ್ರ, ಗೊರೇಬಾಳದ ಹೊಲದ್ದು ಕೊಯ್ಲು ಮುಗದೈತಿ. ಈ ಮಾಲು ಎಲ್ಲಿ ಇಳಸಬೇಕ್ರಿ, ಹಳೇ ಗೋದಾಮಿನಾಗೋ ಹೊಸಾದರಾಗೋ?" ಎಂದು ಕೇಳಿದ. ಶರಣಪ್ಪ "ಹೊಸಾದರಾಗ" ಎಂದು ಹೇಳಿ ನನಗೆ ಪಲ್ಯ ಬಡಿಸಿ ಅವನ ಜೊತೆ ಹೊರಗೆ ಹೋದರು. ಅವರು ಹಾದು ಹೋಗುವಾಗ ಗಲ್ಲಾದ ಮೌನೇಶ ಎದ್ದು ನಿಂತ. ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿತು, ಮೆತ್ತಗಿದ್ದ ರೊಟ್ಟಿಯೇ.

ಬಿಲ್ಲು ಕೊಡುವಾಗ ಮೌನೇಶನನ್ನು ಕೇಳಿದೆ. "ಇದು ಅವರದಾ ಖಾನಾವಳಿ ರೀ. ನಾ ಪಗಾರದಾವ" ಎಂದ. ಮತ್ತೆ ಅವರು ಯಾಕೆ ಬಡಿಸುತ್ತಾರೆ ಎಂದೆ. "ಅದು ಅವರ ಮನಿ ಪದ್ಧತಿ ರೀ, ಮುತ್ತ್ಯಾನ ಕಾಲದಿಂದ. ಅಡಗಿ ಯಾರರೆ ಮಾಡ್ಲಿ, ರೊಕ್ಕ ಯಾರರೆ ತಗೊಳ್ಳಿ, ಬಡಸೂದು ಮಾತ್ರ ಮನಿಯವರಾ ಬಡಸಬೇಕು. ಬಡಸೋ ಕೈಲೆ ರೊಕ್ಕ ಮುಟ್ಟಬಾರ್ದು. ಆದ್ರ ಉಂಡವರು ಖುಷಿಲೆ ಕೊಟ್ಟಿದ್ದು ಬ್ಯಾಡ ಅನ್ನಾಕೂ ಬರಂಗಿಲ್ಲ. ಅದಕ್ಕ ಚುಂಗು ಒಡ್ಡತಾರ. ಸಂಜಿಕೆ ಹೋಗಿ ಮಠದ ದಾಸೋಹಕ್ಕ ಹಾಕಿ ಬರ್ತಾರ್ರಿ." ಚಿಲ್ಲರೆ ಎಣಿಸಿ ಕೊಡುತ್ತ, "ನಿಮ್ಮ ಹೆಸರು ಹೇಳೇ ಹಾಕ್ತಾರ್ರಿ ಸರ" ಎಂದೂ ಸೇರಿಸಿದ.

ಅಂದರೆ, ಎರಡೆರಡು ಗೋದಾಮಿನ ಸಾಹುಕಾರನಿಗೆ ನಾನು ವಾರ ವಾರ ಚಹಾಖರ್ಚಿಗೆ ಕೊಟ್ಟಿದ್ದೆ. ಅವರದೇ ಖಾನಾವಳಿಯಲ್ಲಿ ಕೂತು ಖಾನಾವಳಿ ಹಾಕಲು ಧೈರ್ಯ ತುಂಬಿದ್ದೆ. ಲಾಡ್ಜಿಗೆ ಬಂದು ಹೆಂಡತಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ನಗಲಿಲ್ಲ. "ಸಾಲ ಎಷ್ಟು ಕೊಡಸ್ತೀನಿ ಅಂದಿದ್ರಿ?" ಎಂದು ಮಾತ್ರ ಕೇಳಿದಳು.

ಮತ್ತೆ ಆ ಹೊಸ್ತಿಲು ಹೇಗೆ ತುಳಿಯುವುದು? ಇನ್ನು ಮೇಲೆ ಭಕ್ಷೀಸು ಕೊಟ್ಟರೆ ಅವಮಾನ, ಕೊಡದಿದ್ದರೆ ದಾಸೋಹಕ್ಕೆ ಕೈ ಬಿಗಿಹಿಡಿದಂತೆ. ಮಸ್ಕಿಯಲ್ಲಿ ಬೇರೆ ಕಡೆ ಊಟ ಶುರುಮಾಡಿದೆ. ಒಂದು ಕಡೆ ರೊಟ್ಟಿ ತಗಡಿನ ಹಾಗಿತ್ತು, ಇನ್ನೊಂದು ಕಡೆ ಸಾರಿನಲ್ಲಿ ನೀರು ಒಂದು ಕಡೆ, ಬೇಳೆ ಇನ್ನೊಂದು ಕಡೆ ಮುಖ ತಿರುಗಿಸಿ ಕೂತಿದ್ದವು. ಅಲ್ಲಿಯೂ ಧಾರಾಳವಾಗಿ ಕೊಟ್ಟೆ. ಅವರು ತೆಗೆದುಕೊಂಡರು, ಅಷ್ಟೇ. ಮರುವಾರ ಯಾರೂ ಗುರುತು ಹಿಡಿಯಲಿಲ್ಲ. ನನಗೆ ನಿಜವಾಗಿ ಬೇಜಾರಾಯಿತು. ಇಷ್ಟು ವರ್ಷ ತಿರುಗಿ ಸಂಪಾದಿಸಿದ ಒಂದೇ ಒಂದು ಜಾಗವನ್ನು ನನ್ನ ದೊಡ್ಡಸ್ತಿಕೆಯಿಂದಲೇ ಕಳೆದುಕೊಂಡೆನಲ್ಲ ಎಂದು ಬಸ್ಸಿನಲ್ಲಿ ಕಣ್ಣು ಕೂಡ ಒದ್ದೆಯಾಯಿತು. ಪಕ್ಕದವರು ಧೂಳೆಂದು ಕಿಟಕಿ ಹಾಕಿದರು.

ಶ್ರಾವಣದ ಒಂದು ಸೋಮವಾರ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಂಡು ಮಧ್ಯಾಹ್ನ ಕಳೆಯುವ ಯೋಚನೆಯಲ್ಲಿದ್ದೆ. ಹಿಂದಿನಿಂದ ಯಾರೋ ರಟ್ಟೆ ಹಿಡಿದರು. ಶರಣಪ್ಪ. "ಊಟಕ್ಕ ಯಾಕ ಬರವಲ್ರಿ ಸರ? ನಮ್ಮಿಂದ ಏನರೆ ತಪ್ಪಾಗೈತೇನ್ರಿ?" ಎಂದರು. ನಾನು ತಡವರಿಸುತ್ತ, ತಿಳಿಯದೆ ಏನೇನೋ ಆಡಿದೆ, ನೀವು ದೊಡ್ಡವರು, ಎಂದೆಲ್ಲ ಅಂದೆ. "ಹಸಿದವ್ರು ಹಸಿದಂಗ ಹೋದ್ರ ದೊಡ್ಡಸ್ತಿಕಿ ಏನ್ ಮಾಡೂದೈತ್ರಿ" ಎಂದು ಅವರು ರಟ್ಟೆ ಬಿಡದೆ ನಡೆದರು. "ಇವತ್ತು ನಮ್ಮ ತಮ್ಮ ಪರವೂರಿಗೆ ಹೋಗ್ಯಾನ, ಮನಿ ಕೈ ಕಡಿಮಿ ಬಿದ್ದೈತಿ. ನೀವೂ ಒಂದೀಟು ಬಡಸ್ರಿ."

"ನಾ ಮನಿಯವನಲ್ಲಲ್ಲರೀ" ಎಂದೆ.

"ಅದನ್ನ ನೀವು ಹೇಳಬಾರ್ದು, ಬಡಸೋರು ಹೇಳಬೇಕು" ಎಂದು ತಮ್ಮ ಟವೆಲ್ಲನ್ನೇ ತೆಗೆದು ನನ್ನ ಹೆಗಲಿಗೆ ಹಾಕಿದರು.

ಬಡಿಸಿದೆ. ಎದೆ ಉಬ್ಬಿತ್ತು. ರೊಟ್ಟಿ ಬುಟ್ಟಿ ಹಿಡಿದು ಸಾಲು ಸಾಲು ಓಡಾಡಿದೆ. ಮೂಲೆಯಲ್ಲಿ ಕನ್ನಡಕದವರೊಬ್ಬರು ಬ್ಯಾಗು ಪಕ್ಕಕ್ಕಿಟ್ಟು ಒಬ್ಬರೇ ಕೂತಿದ್ದರು. ನೋಡಿದರೇ ಗೊತ್ತಾಗುತ್ತಿತ್ತು, ತಿರುಗುವ ನೌಕರಿಯವರು. ಅವರ ಮೇಲೆ ವಿಶೇಷ ಅಕ್ಕರೆ ಹುಟ್ಟಿತು. ಮೆತ್ತಗಿನ ರೊಟ್ಟಿಗಳನ್ನೆಲ್ಲ ಆರಿಸಿ ಹಾಕಿದೆ, ಕೇಳದೆ ಮೊಸರು ಹಾಕಿದೆ, ಎಣ್ಣೆಗಾಯಿಯಲ್ಲಿ ದೊಡ್ಡದನ್ನು ಹುಡುಕಿ ಹಾಕಿದೆ. ಅವರು ಚೆನ್ನಾಗಿ ಉಂಡರು. ಕೈ ತೊಳೆದರು. ಕರವಸ್ತ್ರದಿಂದ ಒರೆಸಿಕೊಂಡರು. ನಾನು ಬುಟ್ಟಿ ಹಿಡಿದು ಹತ್ತಿರವೇ ನಿಂತಿದ್ದೆ. ಅವರು ಗಲ್ಲಾಕ್ಕೆ ಹೋಗಿ, ಬಿಲ್ಲು ಕೊಟ್ಟು, ಚಿಲ್ಲರೆಯನ್ನು ಒಂದೂ ಬಿಡದೆ ಕಿಸೆಗೆ ಹಾಕಿಕೊಂಡು, ಹಿಂತಿರುಗಿ ಕೂಡ ನೋಡದೆ ಹೊರಗೆ ನಡೆದರು.

ನನಗೆ ತಲೆ ಕೆಟ್ಟುಹೋಯಿತು. ಎಂಥ ಮನುಷ್ಯ, ಬಡಿಸಿದವನ ಮುಖವನ್ನಾದರೂ ನೋಡಬಾರದೆ ಎಂದು ಅವರು ರಸ್ತೆ ದಾಟುವವರೆಗೂ ದುರುಗುಟ್ಟಿ ನೋಡಿದೆ. ಶರಣಪ್ಪ ಬಂದು ಬುಟ್ಟಿ ಇಸಿದುಕೊಂಡು, "ಸಾಕ್ರಿ ಸರ, ಕುಂಡ್ರಿ, ನೀವು ಉಣ್ರಿ ಇನ್ನ" ಎಂದರು. ಆಮೇಲೆ ನನ್ನ ಇನ್ನೊಂದು ಕೈಯಲ್ಲಿದ್ದ ಟವೆಲ್ಲಿನ ಚುಂಗನ್ನು ಮೆಲ್ಲಗೆ ಬಿಡಿಸಿ ಮತ್ತೆ ಹೆಗಲ ಮೇಲೆ ಹಾಕಿದರು. ಅದನ್ನು ನಾನು ಯಾವಾಗ ಒಡ್ಡಿ ನಿಂತಿದ್ದೆನೋ ನನಗೆ ಗೊತ್ತಿಲ್ಲ.