ಅರ್ಧ ಬಂದ ಗಾಡಿ, ಅರ್ಧ ಹೋದ ಮೀಸೆ

ಯುದ್ಧಗಾಡಿಗಳ ಆಟ ತಯಾರಿಸಿ, ದಿನಾ ಸಂಜೆ ಮನೆಮನೆಯ ಕಂಪ್ಯೂಟರಿನಲ್ಲಿ ಮಹಾಯುದ್ಧ ಹೊತ್ತಿಸಿಯೂ ಯಾರೊಬ್ಬರ ಉಗುರಿಗೂ ಪೆಟ್ಟಾಗದಂತೆ ಕಾಪಾಡುತ್ತಿರುವ ಕಂಪನಿಯ ಮುಖ್ಯಸ್ಥರ ಸನ್ನಿಧಾನಕ್ಕೆ:

ಮಾನ್ಯರೇ,

ತಾವೂ ತಮ್ಮ ಟ್ಯಾಂಕುಗಳೂ ಕ್ಷೇಮವೆಂದು ನಂಬಿದ್ದೇನೆ. ನಾನೂ ಹೆಚ್ಚುಕಡಿಮೆ ಕ್ಷೇಮ. ಆ ಕಡಿಮೆಯಾದದ್ದು ಮೂಗಿನ ಕೆಳಗೆ, ಬಲಗಡೆ. ಅದರ ವಿಚಾರವಾಗಿಯೇ ಈ ಪತ್ರ.

ಮೊದಲು ನನ್ನ ಪರಿಚಯ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವನು. ಮುಂದಕ್ಕೂ ಓದುತ್ತಿದ್ದೆ, ಮೇಷ್ಟ್ರೇ ಕೈಮುಗಿದು "ಸಾಕಪ್ಪ, ನಿನಗೆ ಕಲಿಸೋಕೆ ನನ್ನ ಹತ್ರ ಇನ್ನೇನೂ ಉಳಿದಿಲ್ಲ" ಎಂದುಬಿಟ್ಟರು. ಆಮೇಲೆ ಕಲ್ಲುಕ್ವಾರಿಯಲ್ಲಿ ಡ್ರೈವರಾದೆ. ಅಲ್ಲಿಯ ಮಾಲೀಕರು ಮಿಲಿಟರಿಯವರ ಹರಾಜಿನಲ್ಲಿ ಒಂದು ಹಳೇ ಯುದ್ಧಗಾಡಿಯನ್ನು ಹಿಡಿದು ಕಲ್ಲು ಎಳೆಯುವುದಕ್ಕೆಂದು ತಂದಿದ್ದರು. ತಿಳಿದವರು ಅದನ್ನು ಹಾಫ್‌ಟ್ರ್ಯಾಕ್ ಎನ್ನುತ್ತಾರಂತೆ: ಮುಂದೆ ಲಾರಿಯ ಹಾಗೆ ಎರಡು ಟೈರು, ಹಿಂದೆ ಟ್ಯಾಂಕಿನ ಹಾಗೆ ಸುತ್ತುವ ಪಟ್ಟಿ, ಸುತ್ತಲೂ ಉಕ್ಕಿನ ತಗಡು, ಮೇಲೆ ಆಕಾಶ. ನಾವು ಪ್ರೀತಿಯಿಂದ "ಅರೆಬರೆ" ಎನ್ನುತ್ತಿದ್ದೆವು. ಲಾರಿಗಳು ಹೊಟ್ಟೆಯವರೆಗೆ ಹೂತುಕೊಂಡು ಅಳುವ ಕೆಸರಿನಲ್ಲಿ ಅದು ಎಮ್ಮೆಯ ಹಾಗೆ ಮೆಲುಕು ಹಾಕುತ್ತಾ ನಡೆದುಹೋಗುತ್ತಿತ್ತು. ಅದರ ಸ್ಟೇರಿಂಗು ಹಿಡಿಯುವ ಧೈರ್ಯ ಇಡೀ ಕ್ವಾರಿಯಲ್ಲಿ ಒಬ್ಬನಿಗೇ ಇತ್ತು. ಅವನ ಹೆಸರು ಹೇಳಿದರೆ ಜಂಬವಾಗುತ್ತದೆ.

ನನ್ನ ಅಕ್ಕನ ಮಗಳು ಹಲ್ಲಿನ ಡಾಕ್ಟರು. ಹಗಲು ಜನರ ಹಲ್ಲು ಕೀಳುತ್ತಾಳೆ, ಸಂಜೆ ತಮ್ಮ ಆಟದಲ್ಲಿ ಟ್ಯಾಂಕುಗಳ ಹಲ್ಲು ಉದುರಿಸುತ್ತಾಳೆ. ಒಂದು ದಿನ ಅವಳ ಕುರ್ಚಿಯ ಹಿಂದೆ ನಿಂತು, ತಮ್ಮ ಗಾಡಿಗಳ ಉದ್ದನೆಯ ಸಾಲನ್ನೆಲ್ಲ ನೋಡಿ, "ಇದರಲ್ಲಿ ನಮ್ಮ ಅರೆಬರೆ ಎಲ್ಲಿ?" ಎಂದೆ. ಅವಳು ತಿರುಗಿಯೂ ನೋಡದೆ, "ಇಲ್ಲಿ ಇಲ್ಲ ಅಂದ್ರೆ ಎಲ್ಲೂ ಇರ್ಲಿಲ್ಲ ಮಾವ. ಇಷ್ಟು ದಿನ ರೈಲು ಬಿಡ್ತಿದ್ರಿ, ಈಗ ಟ್ಯಾಂಕ್ ಬಿಡೋಕೂ ಶುರು ಮಾಡಿದ್ರಾ?" ಎಂದಳು. ಅಡುಗೆಮನೆಯಲ್ಲಿ ನನ್ನ ಅಕ್ಕ, ಒಡಹುಟ್ಟಿದವಳು, ಪಾತ್ರೆ ಕೆಳಗಿಟ್ಟು ನಕ್ಕಳು. ಮಾನ್ಯರೇ, ಅರ್ಧ ಆಯುಸ್ಸು ನನ್ನ ಸೊಂಟ ಕುಲುಕಿದ ಗಾಡಿಯನ್ನು ಇರಲೇ ಇಲ್ಲವೆಂದರೆ ಹೇಗೆ ಸುಮ್ಮನಿರುವುದು? "ಈ ವರ್ಷ ಮುಗಿಯೋದರೊಳಗೆ ಅದು ಆಟದೊಳಗೆ ಬರದಿದ್ರೆ ಮೀಸೆ ಬೋಳಿಸ್ತೀನಿ" ಎಂದುಬಿಟ್ಟೆ. ಸಾಮಾನ್ಯ ಮೀಸೆಯಲ್ಲ, ಕಡೆಗೊಂದರಂತೆ ಎರಡು ನಿಂಬೆಹಣ್ಣು ನಿಲ್ಲುವಂಥದ್ದು.

ಹಾಗಾಗಿ ಕಂಪ್ಯೂಟರಿನಲ್ಲೇ ತಮಗೆ ಸಲಹೆ ಬರೆದೆ. ಬಂಡಿಯ ಗುಣವಿಶೇಷಗಳನ್ನು ತಿಳಿಸಿ ಎಂದು ತಮ್ಮ ಯಂತ್ರ ಕೇಳಿತು. ಒಂದನ್ನೂ ಮುಚ್ಚಿಡಲಿಲ್ಲ: ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಆಟಗಾರನು ಇಳಿದು ಬಾನೆಟ್ಟಿನ ಮೇಲೆ ಮಲಗಿದ ನಾಯಿಯನ್ನು ಎಬ್ಬಿಸತಕ್ಕದ್ದು, ಎಡಕ್ಕೆ ತಿರುಗಿಸಲು ಇಬ್ಬರು ಬೇಕು, ಒಬ್ಬ ತಿರುಗಿಸಲು, ಇನ್ನೊಬ್ಬ ಬೈಯಲು, ಮಳೆ ಬಂದರೆ ಕ್ಲೀನರು ಡ್ರೈವರನ ತಲೆಗೆ ಕೊಡೆ ಹಿಡಿಯತಕ್ಕದ್ದು, ಹಾರ್ನು ಇಲ್ಲವಾದ್ದರಿಂದ ಶತ್ರುಸೈನ್ಯವನ್ನು ಬಾಯಲ್ಲೇ ಕೂಗಿ ಪಕ್ಕಕ್ಕೆ ಸರಿಸತಕ್ಕದ್ದು. ಇಷ್ಟೆಲ್ಲ ಓದಿದ ಮೇಲೆ ತಾವು, ಇಂಥ ಗಾಡಿ ಬಂದರೆ ಆಟದ ಸಮತೋಲನ ಕೆಡುತ್ತದೆ ಎಂದು ಉತ್ತರಿಸಿದಿರಿ. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಆದರೆ ವರ್ಷದ ಕೊನೆಯ ವಾರ ತಾವು ಮಾಡಿದ ಉಪಕಾರವಿದೆಯಲ್ಲ, ಅದನ್ನು ಹಗೆಯೂ ಮಾಡಲಾರ. ಹೊಸದಾಗಿ ಬಿಟ್ಟ ರಣರಂಗದ ಒಂದು ಮೂಲೆಯಲ್ಲಿ, ಮುರಿದ ಸೇತುವೆಯ ಪಕ್ಕ, ನಮ್ಮ ಅರೆಬರೆಯನ್ನು ತಂದು ನಿಲ್ಲಿಸಿದಿರಿ. ಅದೇ ಮೂತಿ, ಅದೇ ಪಟ್ಟಿ. ಆದರೆ ಕೆಟ್ಟುನಿಂತ ಗಾಡಿ! ಹತ್ತುವ ಹಾಗಿಲ್ಲ, ಓಡಿಸುವ ಹಾಗಿಲ್ಲ, ಬರೀ ಅಲಂಕಾರ. "ಬಂತು ನೋಡು!" ಎಂದು ನಾನು ಕುಣಿದೆ. "ಓಡಲ್ಲವಲ್ಲ" ಎಂದಳು ಅವಳು. "ಅಸಲಿ ಗಾಡಿಯೂ ವಾರಕ್ಕೆ ನಾಲ್ಕು ದಿನ ಹೀಗೇ ನಿಂತಿರುತ್ತಿತ್ತು" ಎಂದೆ. ಪಂಚಾಯಿತಿ ಅಕ್ಕನ ಬಳಿಗೆ ಹೋಯಿತು. ಅವಳು ಕೈ ಒರೆಸಿಕೊಂಡು ಬಂದು ನೋಡಿ, "ಗಾಡಿ ಅರ್ಧ ಬಂದಿದೆ. ಅರ್ಧ ಮೀಸೆ ತೆಗೆಸು" ಎಂದು ತೀರ್ಪಿತ್ತಳು.

ಕ್ಷೌರದ ಅಂಗಡಿಯವನು ಬಲ ಅರ್ಧ ತೆಗೆದು, ಕೈಮುಗಿದು, "ಅಣ್ಣಾ, ಯಾರಾದ್ರೂ ಕೇಳಿದ್ರೆ ನನ್ನ ಅಂಗಡಿ ಹೆಸರು ಮಾತ್ರ ಹೇಳಬೇಡಿ" ಎಂದ. ಅಂದಿನಿಂದ ನನ್ನ ಹೆಂಡತಿ ಬೀದಿಯಲ್ಲಿ ನನ್ನ ಎಡಗಡೆಯೇ ನಡೆಯುತ್ತಾಳೆ. ಗುರುತಿನವರು ಬಲಗಡೆಯಿಂದ ಬಂದರೆ ನನಗೂ ಅವಳಿಗೂ ಸಂಬಂಧವೇ ಇಲ್ಲ. ತಾವು ಗಾಡಿಯನ್ನು ಪೂರ್ತಿ ತಂದಿದ್ದರೆ ಪೂರ್ತಿ ಮೀಸೆಯವನಾಗಿರುತ್ತಿದ್ದೆ. ಪೂರ್ತಿ ಬಿಟ್ಟಿದ್ದರೆ ಬೋಳುಮುಖದಲ್ಲೂ ಒಂದು ಗಾಂಭೀರ್ಯ ಇರುತ್ತಿತ್ತು. ಈಗ ಎರಡೂ ಅಲ್ಲದೆ, ಮುಂದೊಂದು ಹಿಂದೊಂದು ಆಗಿ, ನಾನೇ ಹಾಫ್‌ಟ್ರ್ಯಾಕ್ ಆಗಿ ಓಡಾಡುತ್ತಿದ್ದೇನೆ.

ಭಾವನ ನಿವೃತ್ತಿಯ ನೆಪದಲ್ಲಿ ಬರುವ ಭಾನುವಾರ ಮನೆಮಂದಿಯೆಲ್ಲ ಸೇರಿ ಫೋಟೋ ತೆಗೆಸುವವರಿದ್ದೇವೆ. ಅಷ್ಟರಲ್ಲಿ ಆ ಗಾಡಿ ಅಲುಗಿದರೆ, ನನ್ನ ಬಲಮೀಸೆ ಬೆಳೆಯುವ ತನಕ ಫೋಟೋ ಮುಂದೂಡಲು ಅಕ್ಕನ ಮಗಳು ಒಪ್ಪಿದ್ದಾಳೆ. ಅಲುಗದಿದ್ದರೆ ಎಡದ್ದನ್ನೂ ತೆಗೆಸಿ, "ಅಂಥ ಗಾಡಿ ಇರಲೇ ಇಲ್ಲ" ಎಂದು ಎಲ್ಲರೆದುರು ನನ್ನ ಬಾಯಾರೆ ಹೇಳಿ ನಿಲ್ಲಬೇಕೆಂಬುದು ಅವಳ ಷರತ್ತು. ಬೋಳಿಸಿದ್ದು ಮತ್ತೆ ಬೆಳೆಯುತ್ತದೆ, ಮಾನ್ಯರೇ. ಆಡಿದ ಆ ಮಾತನ್ನು ಎಲ್ಲಿಂದ ವಾಪಸು ತರಲಿ?

ಆದ್ದರಿಂದ ಬೇಡುವುದಿಷ್ಟೇ: ಅದನ್ನು ಒಂದೇ ಒಂದು ಮೊಳ ಮುಂದಕ್ಕೆ ಉರುಳಿಸಿ. ಅದು ಕಷ್ಟವಾದರೆ ಗಾಡಿಯನ್ನು ಇದ್ದಲ್ಲೇ ಬಿಟ್ಟು, ಸೇತುವೆ, ಹೊಳೆ, ಬೆಟ್ಟ, ಎರಡೂ ಕಡೆಯ ಸೈನ್ಯ, ಎಲ್ಲವನ್ನೂ ಒಂದು ಮೊಳ ಹಿಂದಕ್ಕೆ ಸರಿಸಿ. ನೆಲವೆಲ್ಲ ತಮ್ಮದೇ ತಾನೆ.

ಇಲ್ಲಿಗೆ ಕೈಮುಗಿಯುವ,
ತಮ್ಮ ವಿಶ್ವಾಸಿ,
ಕ್ವಾರಿಯ ಹಳೇ ಡ್ರೈವರು
(ಸದ್ಯಕ್ಕೆ ಎಡಗಡೆಯಿಂದ ಮಾತ್ರ)

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಒಳಕೋಣೆಯಿಂದ ಕೂಗು ಕೇಳಿ ಓಡಿದೆ. ನಮ್ಮ ಹುಡುಗಿಯ ಟ್ಯಾಂಕನ್ನು ಮೂರು ಟ್ಯಾಂಕುಗಳು ಅಟ್ಟಿಸಿಕೊಂಡು ಬಂದಿದ್ದರಿಂದ, ಅವಳು ಬೇರೆ ದಾರಿ ಕಾಣದೆ ಅರೆಬರೆಯ ಮರೆಗೆ ನುಗ್ಗಿದ್ದಳು. ಅವರು ಗುಂಡಿನ ಮೇಲೆ ಗುಂಡು ಹಾರಿಸಿದರು. ಗಾಡಿ ಜಪ್ಪಯ್ಯ ಅನ್ನಲಿಲ್ಲ. ಅವರ ಮದ್ದು ಮುಗಿದ ಮೇಲೆ ಇವಳು ಆಚೆ ಬಂದು ಮೂವರ ಲೆಕ್ಕವನ್ನೂ ಚುಕ್ತಾ ಮಾಡಿ, "ಮಾವ, ನಿಮ್ಮ ಗಾಡಿ ನನ್ನ ಉಳಿಸ್ತು!" ಎಂದಳು. "ನಿಮ್ಮ ಗಾಡಿ" ಎಂದಳು ಮಾನ್ಯರೇ, ಅಕ್ಕನಿಗೂ ಕೇಳಿಸುವ ಹಾಗೆ. ಫೋಟೋದವನಿಗೆ ಎಡಗಡೆಯಿಂದ ತೆಗೆಯಲು ಅವಳೇ ಹೇಳಿದ್ದಾಳೆ. ಆದ್ದರಿಂದ ಉತ್ತರಕ್ಕೆ ಆತುರವಿಲ್ಲ. ಬಿಡುವಾದಾಗ ತಮ್ಮ ಕಚೇರಿಯವರನ್ನೆಲ್ಲ ಆ ಸೇತುವೆಯ ಬಳಿ ಕರೆದೊಯ್ದು ಒಮ್ಮೆ ಆ ಗಾಡಿಯನ್ನು ತೋರಿಸಿ; ಕೂತಲ್ಲಿಂದ ಅಲುಗದವರೂ ನಾಲ್ಕು ಜನರ ಉಪಯೋಗಕ್ಕೆ ಬರಬಹುದೆಂದು ಅವರಿಗೂ ತಿಳಿಯಲಿ.