ಪುಕ್ಕಟೆ ಸಾಫ್ಟ್‌ವೇರ್ ಆರಿಸಿದ ಭಾನುವಾರ

ಕಾಸು ಕೊಟ್ಟು ಕೊಳ್ಳುವ ವಸ್ತುವನ್ನು ನಾನು ನಿಂತ ನಿಲುವಿನಲ್ಲೇ ಆರಿಸಿಬಿಡುತ್ತೇನೆ. ಪುಕ್ಕಟೆ ಸಿಗುವುದಾದರೆ ಮಾತ್ರ ವಾರಗಟ್ಟಲೆ ಯೋಚನೆ ಬೇಕು. ನಮ್ಮ ಚಳ್ಳಕೆರೆ ಮಾರುಕಟ್ಟೆಯಲ್ಲಿ ಶೇಂಗಾ ಕೊಳ್ಳುವವರು ಚೀಲ ಚೀಲಕ್ಕೂ ಕೈ ಹಾಕಿ, ಒಂದೊಂದು ಹಿಡಿ ಪುಕ್ಕಟೆ ಸುಲಿದು ಬಾಯಿಗೆ ಹಾಕಿಕೊಂಡೇ ಮಾತಿಗಿಳಿಯುವುದು. ಎಣ್ಣೆ ಗಿರಣಿಯ ಗುಮಾಸ್ತನಾದ ನನಗೂ ಅದೇ ಚಾಳಿ ಅಂಟಿದೆ. ಹೀಗಾಗಿ ಕಂಪ್ಯೂಟರಿನಲ್ಲಿರುವ ವಿಡಿಯೋಗಳನ್ನು ವೈರಿಲ್ಲದೆ ನಡುಮನೆಯ ಟೀವಿಗೆ ಕಳಿಸುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಬೇಕಾದಾಗ, ಸಿಕ್ಕಷ್ಟನ್ನೂ ಇಳಿಸಿಕೊಂಡು ರುಚಿ ನೋಡತೊಡಗಿದೆ.

ಬೇಕಾದದ್ದು ದೊಡ್ಡಮ್ಮನಿಗೋಸ್ಕರ. ಅವ್ವನ ಅಕ್ಕ, ಕೊಂಡ್ಲಹಳ್ಳಿಯವಳು. ಇವರಿಬ್ಬರ ತಂಗಿ, ನನ್ನ ಚಿಕ್ಕಮ್ಮ, ಹೋದ ವರ್ಷ ತೀರಿಕೊಂಡಳು. ನನ್ನ ಮದುವೆಯ ವಿಡಿಯೋದಲ್ಲಿ ಅರಿಶಿನ ಹಚ್ಚುವಾಗ ಆಕೆ ಹಾಡಿದ ಸೋಬಾನೆ ಪದ ಒಂದಿದೆ. ‘ಒಂದ್ಸಲ ಅದನ್ನ ಹಚ್ಚಪ್ಪ, ಸಂಜೆ ಬಸ್ಸಿಗೆ ಹೋಗ್ತೀನಿ’ ಎಂದು ಭಾನುವಾರ ದೊಡ್ಡಮ್ಮ ಬಂದು ಕೂತಳು. ಕಣ್ಣು ಮಂಜಾದ ಜೀವಕ್ಕೆ ಕಂಪ್ಯೂಟರಿನ ಅಂಗೈಯಗಲದ ಪರದೆ ತೋರಿಸುವುದೇ? ದೊಡ್ಡ ಟೀವಿಯಲ್ಲೇ ತೋರಿಸುತ್ತೇನೆಂದು ಮೀಸೆ ತಿರುವಿದೆ.

ಓಪನ್ ಸೋರ್ಸ್ ಎಂದರೆ ಒಳಗಿನ ಕೋಡನ್ನೆಲ್ಲ ಬಿಚ್ಚಿಟ್ಟಿರುತ್ತಾರೆ, ಬೇಕಾದರೆ ನಾವೇ ತಿದ್ದಿಕೊಳ್ಳಬಹುದಂತೆ. ಕೊಡೆಯ ಕಡ್ಡಿ ಸರಿಮಾಡಲು ಬಾರದವನಿಗೆ ಎಂಥ ಸ್ವಾತಂತ್ರ್ಯ! ಮೊದಲನೆಯದು ನನ್ನ ಮದುವೆಯನ್ನು ಯಾವುದೋ ಪರದೇಶದ ದೆವ್ವದ ಸಿನಿಮಾ ಎಂದು ಗುರುತಿಸಿ, ಪೋಸ್ಟರನ್ನೂ ತಾನೇ ಅಂಟಿಸಿತು. ಹೆಂಡತಿ ನಾಗವೇಣಿ ನೋಡಿ, ‘ಇದಕ್ಕೆ ಬುದ್ಧಿ ಐತೆ ಕಣ್ರಿ’ ಎಂದಳು. ಎರಡನೆಯದರಲ್ಲಿ ಚಿತ್ರ ಬಂತು, ದನಿ ಇಲ್ಲ. ಮೂರನೆಯದಕ್ಕೆ ನಮ್ಮ ಟೀವಿಯೇ ಕಾಣಿಸಲಿಲ್ಲ. ತೊಂದರೆಯಾದರೆ ಬಳಕೆದಾರರ ಚರ್ಚೆ ನೋಡಿ ಎಂದಿತ್ತು. ನೋಡಿದೆ. ಅಲ್ಲಿ ಮಹಾನುಭಾವರೊಬ್ಬರು, ‘ನನಗೂ ಇದೇ ತೊಂದರೆ’ ಎಂದು ಉಪಕಾರ ಮಾಡಿದ್ದರು. ಊಟವಾಯಿತು, ಎಲೆಯಡಿಕೆಯೂ ಆಯಿತು. ‘ಬಂತೇನಪ್ಪ?’ ಎಂದು ದೊಡ್ಡಮ್ಮ ಕೇಳಿದಾಗಲೆಲ್ಲ ನಾನು, ‘ಇಗೋ ಬಂತು’ ಎನ್ನುತ್ತಿದ್ದೆ.

ನಾಲ್ಕನೆಯದನ್ನು ಹಾಕಿ, ನಡುಮನೆಗೆ ಬಂದು ರಿಮೋಟ್ ಹಿಡಿದು ನಿಂತೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಬಸ್ಸಿನ ಹೊತ್ತಾಗುತ್ತಿತ್ತು. ಅಷ್ಟರಲ್ಲಿ ಚಿಕ್ಕಮ್ಮನ ದನಿ ಕೇಳಿಸಿತು. ಗೆದ್ದೆ ಎಂದುಕೊಂಡೆ. ಆದರೆ ಟೀವಿಯಲ್ಲಿ ಚಕ್ರವೇ ತಿರುಗುತ್ತಿತ್ತು. ಹಾಡು ಬರುತ್ತಿದ್ದದ್ದು ಒಳಕೋಣೆಯಿಂದ.

ಓಡಿಹೋಗಿ ನೋಡಿದರೆ, ನಾಗವೇಣಿ ಕಂಪ್ಯೂಟರಿನಲ್ಲೇ ವಿಡಿಯೋ ಹಚ್ಚಿದ್ದಾಳೆ. ಅಕ್ಕತಂಗಿಯರಿಬ್ಬರೂ ನೆಲದ ಮೇಲೆ ಕೂತಿದ್ದಾರೆ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ದೊಡ್ಡಮ್ಮ ಪರದೆಯ ಕಡೆ ತಿರುಗಿಯೂ ಇಲ್ಲ. ಕಣ್ಣು ಮುಚ್ಚಿಕೊಂಡು, ತಂಗಿಯ ಜೊತೆಗೆ ಮೆಲ್ಲಗೆ ತಾನೂ ಹಾಡುತ್ತಿದ್ದಾಳೆ.

‘ಇನ್ನೊಂದು ಚೂರು ತಡೆದಿದ್ರೆ ಟೀವಿಲೇ…’ ಎಂದು ತೊದಲಿದೆ.

‘ದೊಡ್ಡ ಟೀವಿ ಯಾಕಲೇ ತಿಪ್ಪೇಶ? ನಂಗೆಲ್ಲಿ ಕಣ್ಣು ಕಾಣ್ತೈತೆ’ ಎಂದಳು ದೊಡ್ಡಮ್ಮ. ‘ನನ್ನ ತಂಗಿ ದನಿ ಕೇಳಾಕೆ ಬಂದಿದ್ದೆ. ಕೇಳ್ದೆ.’

ಆಕೆಯನ್ನು ಬಸ್ಸು ಹತ್ತಿಸಿ ಮನೆಗೆ ಬಂದೆ. ನಡುಮನೆಯ ಟೀವಿಯಲ್ಲಿ, ಗೋಡೆಯಗಲಕ್ಕೆ, ನನ್ನ ಮದುವೆ ನಿರಾತಂಕವಾಗಿ ನಡೆಯುತ್ತಿತ್ತು.

‘ಈಗ ಯಾರಿಗೆ ಇದು?’ ಎಂದಳು ಅವ್ವ.

‘ನನಗೇ’ ಎಂದು ಕೂತೆ. ಈ ಮನೆಯಲ್ಲಿ ಕಣ್ಣು ನೆಟ್ಟಗಿರುವವನು ನಾನೊಬ್ಬನೇ ಎಂದು ಆ ಸಂಜೆಯವರೆಗೂ ನಂಬಿದ್ದೆ.